ಮಂದ ಶಾಖದ ಮಹಿಮೆ

ಒಂದು ಸರಳವಾದ ಪ್ರಶ್ನೆಯಿಂದ ಪ್ರಾರಂಭಿಸೋಣ. ಒಲೆಯ ಮೇಲಿನ ತೆರೆದ ಪಾತ್ರೆಯಲ್ಲಿ ನೀರು ಕುದಿಯುತ್ತಿದೆ. ಅದರಲ್ಲಿ ಕಾಳು ಬೇಯುತ್ತಿದೆ. ಈಗ ಉರಿಯನ್ನು ಎರಡರಷ್ಟು ಮಾಡಿದರೆ ಕಾಳು ಎರಡರಷ್ಟು ಬೇಗ ಬೇಯುವುದೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ 'ಹೌದು' ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಆದರೆ ಸರಿಯಾದ ಉತ್ತರ 'ಇಲ್ಲ' ಎಂಬುದು. ಸಮುದ್ರಮಟ್ಟದಲ್ಲಿ ನೀರು ೧೦೦° ಸೆಂ. ಉಷ್ಣತೆಯಲ್ಲಿ ಕುದಿಯುತ್ತದೆ, ಸುಮಾರು ೯೨೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು ೯೭° ಸೆಂ. ಉಷ್ಣತೆಯಲ್ಲಿ ಕುದಿಯುತ್ತದೆ. ಒಮ್ಮೆ ಕುದಿಯಲು ತೊಡಗಿದ ಮೇಲೆ ಎಷ್ಟೇ ಉರಿ ಹಾಕಿದರೂ ನೀರಿನ ಉಷ್ಣತೆ ಆ ಮಿತಿಯನ್ನು ದಾಟುವುದಿಲ್ಲ. ಹೆಚ್ಚಿಗೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸುವುದರಲ್ಲೇ ವ್ಯಯವಾಗುತ್ತದೆ. ಶಾಖ ಬೇರೆ, ಉಷ್ಣತೆ ಬೇರೆ ಎಂದು ನಾವೆಲ್ಲರೂ ಪುಸ್ತಕದಲ್ಲಿ ಓದಿದ್ದೇವೆ. ಆದರೆ ಅಡಿಗೆಮನೆಗೆ ಕಾಲಿಟ್ಟೊಡನೆ ಅದನ್ನು ಮರೆತುಬಿಡುತ್ತೇವೆ.

ಈ ಭೇದವನ್ನು ಚೆನ್ನಾಗಿ ಮನಗಾಣಿಸುವ ಒಂದು ತಿನಿಸು ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿದೆ. ಅಲ್ಲಿ ಹಂದಿಯ ಹೆಗಲಿನ ಮಾಂಸವನ್ನು ಗಂಟೆಗಟ್ಟಲೆ ಮಂದವಾದ ಶಾಖದಲ್ಲಿಟ್ಟು, ಕೊನೆಗೆ ಎರಡು ಮುಳ್ಳುಚಮಚಗಳಿಂದ ಎಳೆಎಳೆಯಾಗಿ ಬಿಡಿಸಿ, ಸಿಹಿಹುಳಿ ರಸದಲ್ಲಿ ಕಲಸಿ ತಿನ್ನುತ್ತಾರೆ. ಇದಕ್ಕೆ 'ಪುಲ್ಡ್ ಪೋರ್ಕ್' ಎಂದು ಹೆಸರು. ನಮ್ಮ ವಾಚಕರಲ್ಲಿ ಮಾಂಸವನ್ನು ಮುಟ್ಟದವರು ಅನೇಕರಿದ್ದಾರೆಂಬುದು ನಮಗೆ ಗೊತ್ತು. ಅವರೂ ಈ ಲೇಖನವನ್ನು ಕೊನೆಯವರೆಗೆ ಓದಬೇಕೆಂದು ನಮ್ಮ ವಿನಂತಿ. ಇಲ್ಲಿ ಕೆಲಸ ಮಾಡುವ ಭೌತನಿಯಮಗಳು ಹುರುಳಿಕಾಳಿಗೂ ಅನ್ವಯಿಸುತ್ತವೆ; ಮೇಲಾಗಿ, ಮಾಂಸಕ್ಕಿಂತ ಹೆಚ್ಚಿನ ಎಚ್ಚರವನ್ನು ಬೇಡುವ ಒಂದು ಕಾಳಿನ ವಿಷಯವೂ ಮುಂದೆ ಬರುತ್ತದೆ.

ಹೊಂಡದಿಂದ ವಿದ್ಯುತ್ ಪಾತ್ರೆಗೆ

ಹೆಗಲಿನ ಮಾಂಸ ಗಟ್ಟಿಯಾದುದು, ಆದುದರಿಂದ ಅಗ್ಗವಾದುದು. ದಕ್ಷಿಣ ಸಂಸ್ಥಾನಗಳಲ್ಲಿ ಅದನ್ನು ನೆಲದಲ್ಲಿ ತೋಡಿದ ಹೊಂಡದ ಮೇಲೆ, ಕಟ್ಟಿಗೆಯ ಕೆಂಡದ ಮಂದವಾದ ಕಾವಿನಲ್ಲಿ ರಾತ್ರಿಯೆಲ್ಲ ಬೇಯಿಸುತ್ತಿದ್ದರು. ೧೮೬೫ರಲ್ಲಿ ಗುಲಾಮಗಿರಿ ರದ್ದಾಗುವವರೆಗೆ ಈ ದುಡಿಮೆಯ ಬಹುಪಾಲು ಬಿದ್ದುದು ಗುಲಾಮರಾಗಿದ್ದ ಕರಿಯರ ಮೇಲೆ. ಎಷ್ಟು ಕೆಂಡ, ಎಷ್ಟು ಎತ್ತರ, ಎಷ್ಟು ಹೊತ್ತು ಎಂಬ ಲೆಕ್ಕ ಅವರ ಕೈಯಲ್ಲಿತ್ತು. ಉಷ್ಣಮಾಪಕ ಮಾತ್ರ ಇರಲಿಲ್ಲ. ಪ್ರಾಂತದಿಂದ ಪ್ರಾಂತಕ್ಕೆ ರಸ ಬೇರೆಯಾಗುತ್ತದೆ. ಉತ್ತರ ಕೆರೊಲೈನದ ಪೂರ್ವಭಾಗದಲ್ಲಿ ವಿನಿಗರ್ ಮತ್ತು ಮೆಣಸು. ದಕ್ಷಿಣ ಕೆರೊಲೈನದ ಕೆಲವೆಡೆ ಸಾಸಿವೆ. ಕ್ಯಾನ್ಸಸ್ ಸಿಟಿಯಲ್ಲಿ ಟೊಮೇಟೊ ಮತ್ತು ಕಾಕಂಬಿ ಸೇರಿದ ಸಿಹಿಯಾದ ಗಟ್ಟಿರಸ.

ಮಂದ ಶಾಖದ ಗುಣವನ್ನು ಬರಹದಲ್ಲಿ ವರ್ಣಿಸಿದ ವಿಜ್ಞಾನಿಗಳಲ್ಲಿ ಒಬ್ಬನು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತನೇ ಆದ ಕೌಂಟ್ ರಮ್‌ಫರ್ಡ್. ಫಿರಂಗಿಯ ಕೊಳವೆಯನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ಅಳೆದು, ಶಾಖವೆಂಬುದು ಒಂದು ದ್ರವ್ಯವಲ್ಲ, ಚಲನೆಯ ರೂಪ ಎಂದು ೧೭೯೮ರಲ್ಲಿ ವಾದಿಸಿದವನು ಈತನೇ. ಆಲೂಗೆಡ್ಡೆಯನ್ನು ಒಣಗಿಸುವುದಕ್ಕಾಗಿ ತಾನು ರಚಿಸಿದ್ದ ಯಂತ್ರದೊಳಗೆ ಈತ ಒಮ್ಮೆ ಕುರಿಯ ಹೆಗಲೊಂದನ್ನು ಇಟ್ಟು ನೋಡಿದ. ಕೆಲವು ಗಂಟೆಗಳಾದರೂ ಅದು ಬೇಯಲಿಲ್ಲ. ಪ್ರಯೋಗ ಸೋತಿತೆಂದು ಅವನು ಕೈಬಿಟ್ಟ. ಅಡಿಗೆಯ ಹೆಂಗಸರು ಮಾಂಸವನ್ನು ರಾತ್ರಿ ಅಲ್ಲಿಯೇ ಬಿಟ್ಟರು. ಬೆಳಗ್ಗೆ ನೋಡಿದರೆ ಅದು ಹದವಾಗಿ ಬೆಂದು, ಬಹಳ ರುಚಿಯಾಗಿತ್ತು! ಸಾಕಷ್ಟು ಕಾಲ ಕೊಟ್ಟರೆ ಕಡಮೆ ಉಷ್ಣತೆಯೂ ಬೇಯಿಸಬಲ್ಲದೆಂಬುದನ್ನು ರಮ್‌ಫರ್ಡ್ ಹೀಗೆ ಆಕಸ್ಮಿಕವಾಗಿ ಕಂಡುಕೊಂಡ.

ಇಂದು ಅಂಗಡಿಗಳಲ್ಲಿ ದೊರೆಯುವ 'ಸ್ಲೋ ಕುಕ್ಕರ್' ಎಂಬ ವಿದ್ಯುತ್ ಪಾತ್ರೆಯ ಹುಟ್ಟಿಗೆ ಬೇರೊಂದು ಕಥೆಯುಂಟು. ಯೆಹೂದಿಗಳ ಧರ್ಮದಲ್ಲಿ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಬೆಂಕಿ ಹೊತ್ತಿಸಬಾರದೆಂಬ ನಿಷೇಧವಿದೆ. ಆದುದರಿಂದ ಪೂರ್ವ ಯೂರೋಪಿನ ಊರುಗಳಲ್ಲಿ ಅವರು ಕಾಳು, ಧಾನ್ಯ, ಮಾಂಸಗಳನ್ನು ತುಂಬಿದ ಗಡಿಗೆಯನ್ನು ಶುಕ್ರವಾರ ಸಂಜೆಯೇ ರೊಟ್ಟಿಯಂಗಡಿಯ ಆರುತ್ತಿರುವ ಒಲೆಯೊಳಗಿಟ್ಟು, ಮರುದಿನ ತೆಗೆಯುತ್ತಿದ್ದರು. 'ಚೋಲೆಂಟ್' ಎಂಬ ಈ ಅಡಿಗೆಯ ವಿಷಯವನ್ನು ತನ್ನ ಮನೆಯ ಹಿರಿಯರಿಂದ ಕೇಳಿದ್ದ ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಎಂಜಿನಿಯರ್, ಸುತ್ತಲೂ ವಿದ್ಯುತ್ ತಂತಿಯಿಂದ ಬಿಸಿಯಾಗುವ ಪಾತ್ರೆಯೊಂದನ್ನು ರಚಿಸಿ, ೧೯೪೦ರಲ್ಲಿ ಅದಕ್ಕೆ ಏಕಸ್ವಾಮ್ಯ ಪತ್ರ ಪಡೆದ. ೧೯೭೦ರಲ್ಲಿ ಕ್ಯಾನ್ಸಸ್ ಸಿಟಿಯ ರೈವಲ್ ಕಂಪೆನಿ ನ್ಯಾಕ್ಸನ್ನನ ಉದ್ಯಮವನ್ನು ಕೊಂಡು, ಮರುವರ್ಷ ಈ ಪಾತ್ರೆಯನ್ನು 'ಕ್ರಾಕ್-ಪಾಟ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಹಂದಿಮಾಂಸವನ್ನು ನಿಷೇಧಿಸಿದ ಸಂಪ್ರದಾಯದಿಂದ ಹುಟ್ಟಿದ ಪಾತ್ರೆ ಅಮೆರಿಕದ ಮನೆಗಳಲ್ಲಿ ಇಂದು ಹಂದಿಯ ಹೆಗಲನ್ನು ಬೇಯಿಸುತ್ತಿದೆ.

ಗಟ್ಟಿ ಮಾಂಸ ಮೆದುವಾಗುವುದೆಂತು?

ಮಾಂಸವೆಂದರೆ ಸ್ನಾಯುವಿನ ಎಳೆಗಳ ಕಂತೆ. ಈ ಎಳೆಗಳನ್ನು ಒಟ್ಟಿಗೆ ಕಟ್ಟಿಹಿಡಿದಿರುವ ಹೊದಿಕೆ ಕೊಲಾಜನ್ ಎಂಬ ಪ್ರೋಟೀನಿನದು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವುದೂ ಇದೇ ಪದಾರ್ಥ. ಪ್ರಾಣಿಯ ಯಾವ ಅಂಗ ಹೆಚ್ಚು ದುಡಿಯುತ್ತದೆಯೋ ಅಲ್ಲಿ ಕೊಲಾಜನ್ ಹೆಚ್ಚು. ದಿನವೆಲ್ಲ ದೇಹವನ್ನು ಹೊರುವ ಹೆಗಲು ಗಟ್ಟಿಯಾಗಿರುವುದು ಆ ಕಾರಣದಿಂದಲೇ.

ಕೊಲಾಜನ್ನಿನ ಅಣುರಚನೆಯನ್ನು ಬಿಡಿಸಿದ ಕೀರ್ತಿಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. ೧೯೫೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಅವರು, ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮೂಲಕ ಕ್ಷಕಿರಣಗಳನ್ನು ಹಾಯಿಸಿ ಪಡೆದ ಚಿತ್ರಗಳ ಆಧಾರದ ಮೇಲೆ, ಕೊಲಾಜನ್ ಅಣು ಮೂರು ಸರಪಣಿಗಳು ಹುರಿಗೊಂಡ ಹಗ್ಗದಂತಿದೆಯೆಂದು ಸೂಚಿಸಿದರು. ಪ್ರತಿ ಸರಪಣಿಯಲ್ಲೂ ಪ್ರತಿ ಮೂರನೆಯ ಕೊಂಡಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ. ಅದು ಅಷ್ಟು ಚಿಕ್ಕದಾದುದರಿಂದಲೇ ಮೂರು ಸರಪಣಿಗಳೂ ಒತ್ತೊತ್ತಾಗಿ ಹುರಿಗೊಳ್ಳಲು ಸಾಧ್ಯವಾಗಿದೆ. ರಾಮಚಂದ್ರನ್ ಅವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ೧೯೭೦ರ ದಶಕದ ಮೊದಲಿಗೆ ಮತ್ತೆ ಅಲ್ಲಿಗೇ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದವರು.

ಈ ಹಗ್ಗವನ್ನು ಕಾಯಿಸಿದರೆ ಏನಾಗುತ್ತದೆ? ಸುಮಾರು ೬೦°ಯಿಂದ ೬೫° ಸೆಂ. ಉಷ್ಣತೆಯಲ್ಲಿ ಕೊಲಾಜನ್ ಮೊದಲು ಕುಗ್ಗುತ್ತದೆ. ಕುಗ್ಗುವಾಗ ಸ್ನಾಯುವಿನ ಎಳೆಗಳನ್ನು ಹಿಂಡುತ್ತದೆ. ಎಳೆಗಳೂ ಸಂಕುಚಿಸಿ ತಮ್ಮಲ್ಲಿದ್ದ ನೀರನ್ನು ಬಿಟ್ಟುಕೊಡುತ್ತವೆ. ಆದುದರಿಂದ ಈ ಘಟ್ಟದಲ್ಲಿ ಮಾಂಸ ಮೆದುವಾಗುವುದಕ್ಕೆ ಬದಲು ಮೊದಲಿಗಿಂತ ಗಟ್ಟಿಯಾಗುತ್ತದೆ! ಇಲ್ಲಿಗೇ ನಿಲ್ಲಿಸಿದವನಿಗೆ ದೊರೆಯುವುದು ಚಪ್ಪಲಿಯ ಚರ್ಮದಂಥ ತುಂಡು. ಆದರೆ ಉಷ್ಣತೆ ೭೦° ದಾಟಿ ಮೇಲೇರುತ್ತ, ಗಂಟೆಗಳು ಕಳೆದಂತೆ, ಹಗ್ಗದ ಹುರಿ ಬಿಚ್ಚಿಕೊಳ್ಳುತ್ತದೆ. ಮೂರು ಸರಪಣಿಗಳು ಬೇರೆ ಬೇರೆಯಾಗಿ ನೀರಿನಲ್ಲಿ ಕರಗುತ್ತವೆ. ಹೀಗೆ ಕರಗಿದ ಕೊಲಾಜನ್ನಿಗೆ ಜೆಲಟಿನ್ ಎಂದು ಹೆಸರು. ಬಡಗಿಗಳು ಬಳಸುತ್ತಿದ್ದ ಸರೇಸು, ತಣ್ಣಗಾದಾಗ ನಡುಗುವ ಜೆಲ್ಲಿ, ಇವೆರಡೂ ಜೆಲಟಿನ್ನಿನವೇ. ಕಟ್ಟು ಕರಗಿದ ಮೇಲೆ ಕಂತೆಯ ಎಳೆಗಳು ಮುಳ್ಳುಚಮಚ ತಾಗಿದೊಡನೆ ಬಿಚ್ಚಿಕೊಳ್ಳುತ್ತವೆ. ನೀರನ್ನು ಕಳೆದುಕೊಂಡ ಎಳೆಗಳ ಮೇಲೆ ಜೆಲಟಿನ್ ಹಾಗೂ ಕರಗಿದ ಕೊಬ್ಬು ಲೇಪಗೊಂಡು ಅವು ರಸವತ್ತಾಗಿ ತೋರುತ್ತವೆ. ಮಾಂಸದ ನಡುಭಾಗ ಸುಮಾರು ೯೦°ಯಿಂದ ೯೫° ಮುಟ್ಟುವ ಹೊತ್ತಿಗೆ ಈ ಕಾರ್ಯ ಪೂರ್ತಿಯಾಗಿರುತ್ತದೆ.

ಹಾಗಾದರೆ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿದರಾಗದೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಖಂಡಿತವಾಗಿ ಆಗುತ್ತದೆ. ಒತ್ತಡದಲ್ಲಿ ನೀರು ಸುಮಾರು ೧೨೦°ಯಲ್ಲಿ ಕುದಿಯುವುದರಿಂದ ಕೊಲಾಜನ್ ಬಹಳ ಬೇಗ ಕರಗುತ್ತದೆ. ೧೬೭೯ರಲ್ಲಿ ಡೆನಿಸ್ ಪಾಪಿನ್ ತನ್ನ ಒತ್ತಡದ ಪಾತ್ರೆಯಲ್ಲಿ ಮೂಳೆಗಳನ್ನೇ ಮೆತ್ತಗೆ ಮಾಡಿ ತೋರಿಸಿದ್ದನು. ಆದರೆ ಮಂದ ಶಾಖದ ಪಾತ್ರೆಯಲ್ಲಿ ಬೆಳಗ್ಗೆ ಎಲ್ಲವನ್ನೂ ತುಂಬಿಟ್ಟು ಕೆಲಸಕ್ಕೆ ಹೋದವರು ಸಂಜೆ ಬಂದು ಊಟಕ್ಕೆ ಕೂರಬಹುದು. ಕೆಲವು ನಿಮಿಷ ಹೆಚ್ಚುಕಡಮೆಯಾದರೂ ಅಡಿಗೆ ಕೆಡದು. ಅದರ ಪ್ರಯೋಜನವಿರುವುದು ಈ ನೆಮ್ಮದಿಯಲ್ಲಿ.

ಪಾತ್ರೆಯೊಳಗಿನ ಲೆಕ್ಕ

ಈಗ ಸ್ವಲ್ಪ ಗಣಿತ ಮಾಡೋಣ. ಎರಡು ಕಿಲೋಗ್ರಾಂ ಮಾಂಸವನ್ನು ೫°ಯಿಂದ ೯೦°ಗೆ ಏರಿಸಬೇಕಾಗಿದೆ. ಮಾಂಸದ ವಿಶಿಷ್ಟೋಷ್ಣ ಒಂದು ಕಿಲೋಗ್ರಾಮಿಗೆ, ಒಂದು ಡಿಗ್ರಿಗೆ ಸುಮಾರು ೩.೫ ಕಿಲೋಜೌಲ್. ೨ × ೩.೫ × ೮೫ ಎಂದರೆ ಹೆಚ್ಚುಕಡಮೆ ೬೦೦ ಕಿಲೋಜೌಲ್. ನಮ್ಮ ಪಾತ್ರೆ ೨೦೦ ವಾಟಿನದೆಂದು ಇಟ್ಟುಕೊಳ್ಳೋಣ. ಅಂದರೆ ಅದು ಸೆಕೆಂಡಿಗೆ ೨೦೦ ಜೌಲ್ ಕೊಡುತ್ತದೆ. ಶಾಖ ಎಲ್ಲಿಯೂ ಸೋರದಿದ್ದರೆ ೩,೦೦೦ ಸೆಕೆಂಡು, ಎಂದರೆ ೫೦ ನಿಮಿಷ ಸಾಕು. ಆದರೆ ಪಾಕವಿಧಾನ ಎಂಟು ಗಂಟೆ ಎನ್ನುತ್ತದೆ! ಎಂಟು ಗಂಟೆಗಳಲ್ಲಿ ಪಾತ್ರೆ ಕೊಡುವ ಶಾಖ ೫,೭೬೦ ಕಿಲೋಜೌಲ್, ಅಂದರೆ ೧.೬ ಯೂನಿಟ್ ವಿದ್ಯುತ್ತು. ಮಾಂಸವನ್ನು ಬಿಸಿ ಮಾಡಲು ಬೇಕಾದುದು ಇದರ ಹತ್ತನೆಯ ಒಂದು ಪಾಲು ಮಾತ್ರ. ಉಳಿದುದೆಲ್ಲಿಗೆ ಹೋಯಿತು?

ಅದರಲ್ಲಿ ಸ್ವಲ್ಪ ಭಾಗ ರಸವನ್ನೂ ಭಾರವಾದ ಪಿಂಗಾಣಿ ಪಾತ್ರೆಯನ್ನೂ ಕಾಯಿಸಲು ಹೋಗುತ್ತದೆ. ಬಹುಭಾಗ ಪಾತ್ರೆಯ ಹೊರಮೈಯಿಂದ ಕೋಣೆಯ ಗಾಳಿಗೆ ಸೇರುತ್ತದೆ. ಪಾತ್ರೆ ಬಿಸಿಯಾದಂತೆ ಈ ಸೋರಿಕೆಯೂ ಹೆಚ್ಚುತ್ತದೆ. ನ್ಯೂಟನ್ನನ ಶೀತಲೀಕರಣ ನಿಯಮವನ್ನು ನೆನಪಿಗೆ ತಂದುಕೊಳ್ಳಿ. ಒಂದು ಹಂತದಲ್ಲಿ ಬರುವ ಶಾಖವೂ ಸೋರುವ ಶಾಖವೂ ಸಮವಾಗುತ್ತವೆ. ಆಗ ಉಷ್ಣತೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ಸಮತೋಲ ನೀರಿನ ಕುದಿಬಿಂದುವಿನ ತುಸು ಕೆಳಗೆ ಬರುವಂತೆ ಪಾತ್ರೆಯನ್ನು ರಚಿಸಿರುತ್ತಾರೆ. ಹೀಗೆ ಸೋರುವ ಶಾಖ ನಮಗೆ ನಷ್ಟದಂತೆ ಕಂಡರೂ, ಉಷ್ಣತೆಯನ್ನು ಹಿಡಿದು ನಿಲ್ಲಿಸುವುದು ಅದೇ.

ಕಾಲ ಹಿಡಿಯುವುದಕ್ಕೆ ಇನ್ನೊಂದು ಕಾರಣವುಂಟು. ಶಾಖ ಮಾಂಸದೊಳಗೆ ವಹನದಿಂದಲೇ ಸಾಗಬೇಕು, ಮಾಂಸವಾದರೋ ಮಂದವಾಹಕ. ಶಾಖ ಒಳಹೋಗಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹತ್ತು ಸೆಂಟಿಮೀಟರು ದಪ್ಪದ ತುಂಡಿನ ನಡುವಿಗೆ ಶಾಖ ಚೆನ್ನಾಗಿ ಮುಟ್ಟಲು ನಾಲ್ಕೈದು ಗಂಟೆಗಳ ಪರಿಮಾಣದ ಕಾಲ ಹಿಡಿಯುತ್ತದೆ. ಅದೇ ತುಂಡನ್ನು ಐದು ಸೆಂಟಿಮೀಟರಿಗೆ ಸೀಳಿದರೆ ಕಾಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಉರಿ ಹೆಚ್ಚಿಸುವುದಕ್ಕಿಂತ ಕತ್ತಿಯನ್ನು ಬಳಸುವುದು ಹೆಚ್ಚು ಫಲಕಾರಿ ಎಂಬುದು ಇದರಿಂದ ಸ್ಪಷ್ಟ.

ಮುಚ್ಚಳದ ವಿಷಯಕ್ಕೂ ಇಲ್ಲಿಯೇ ಬರೋಣ. ತೆರೆದ ಹೊಂಡದ ಮೇಲೆ ಬೇಯಿಸುವವರು ಒಂದು ವಿಚಿತ್ರವನ್ನು ಕಾಣುತ್ತಾರೆ: ಮಾಂಸದ ಉಷ್ಣತೆ ೬೫°ಯಿಂದ ೭೫°ಯೊಳಗೆ ಎಲ್ಲಿಯೋ ಗಂಟೆಗಟ್ಟಲೆ ನಿಂತುಬಿಡುತ್ತದೆ. ಮೈಯಿಂದ ಬೆವರು ಆರುವಾಗ ನಮಗೆ ತಂಪಾಗುವಂತೆ, ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತ, ಬಂದ ಶಾಖವನ್ನೆಲ್ಲ ಕೊಂಡೊಯ್ಯುವುದೇ ಇದಕ್ಕೆ ಕಾರಣ. ಮುಚ್ಚಿದ ಪಾತ್ರೆಯಲ್ಲಿ ಆವಿ ಹೊರಹೋಗಲಾರದೆ ಮುಚ್ಚಳದಲ್ಲಿ ದ್ರವವಾಗಿ ಕೆಳಗೆ ಬೀಳುವುದರಿಂದ ಈ ತಡೆಯಿಲ್ಲ. ಆದರೆ ಕುತೂಹಲದಿಂದ ಮುಚ್ಚಳ ತೆರೆದವರ ಗತಿಯೇನು? ಐವತ್ತು ಗ್ರಾಂ ನೀರು ಆವಿಯಾಗಿ ಹೋಯಿತೆನ್ನಿ. ಗುಪ್ತೋಷ್ಣದ ಲೆಕ್ಕದಲ್ಲಿ ೧೧೩ ಕಿಲೋಜೌಲ್ ನಷ್ಟ. ಇನ್ನೂರು ವಾಟೂ ಇದಕ್ಕೇ ಮೀಸಲಾದರೂ ಅದನ್ನು ತುಂಬಲು ಒಂಬತ್ತು ನಿಮಿಷ ಮೀರುತ್ತದೆ. ಆ ವೇಳೆಗೆ ಪಾತ್ರೆಯ ಶಕ್ತಿಯ ಬಹುಭಾಗ ಸೋರಿಕೆಗೇ ಸಲ್ಲುತ್ತಿರುವುದರಿಂದ, ವಾಸ್ತವವಾಗಿ ಇದರ ಕೆಲವು ಮಡಿ ಕಾಲ ಬೇಕಾಗುತ್ತದೆ.

ಎಚ್ಚರಿಕೆಯ ಮಾತು

ಇಷ್ಟರವರೆಗೆ ಮಂದ ಶಾಖವನ್ನು ಹೊಗಳಿದೆವು. ಅದರ ಅಪಾಯವನ್ನೂ ಹೇಳದಿದ್ದರೆ ವಾಚಕರಿಗೆ ದ್ರೋಹ ಮಾಡಿದಂತಾಗುತ್ತದೆ. ಸುಮಾರು ೫°ಯಿಂದ ೬೦°ವರೆಗಿನ ಉಷ್ಣತೆ ರೋಗಕಾರಕ ಬ್ಯಾಕ್ಟೀರಿಯಗಳು ಬೆಳೆಯುವ ವಲಯ. ಅನುಕೂಲ ಸನ್ನಿವೇಶದಲ್ಲಿ ಕೆಲವು ಜಾತಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ನಾಲ್ಕು ಗಂಟೆಯಲ್ಲಿ ಹನ್ನೆರಡು ಬಾರಿ ಇಮ್ಮಡಿಯಾದರೆ ಒಂದು ಸಾವಿರವಿದ್ದುದು ನಲವತ್ತು ಲಕ್ಷವಾಗುತ್ತದೆ! ಕೊನೆಗೆ ಬಿಸಿಯಲ್ಲಿ ಅವೆಲ್ಲ ಸಾಯುತ್ತವಲ್ಲ ಎಂದು ಸಮಾಧಾನ ಪಡುವಂತಿಲ್ಲ. ಸ್ಟ್ಯಾಫಿಲೊಕಾಕಸ್ ಮುಂತಾದವು ಬೆಳೆಯುವಾಗ ಬಿಟ್ಟ ವಿಷ ಕುದಿಸಿದರೂ ನಾಶವಾಗದು. ಆದುದರಿಂದ ಈ ವಲಯವನ್ನು ಬೇಗ ದಾಟಬೇಕು.

ಇದರಿಂದಲೇ ಹೆಪ್ಪುಗಟ್ಟಿದ ಮಾಂಸವನ್ನು ಎಂದಿಗೂ ನೇರವಾಗಿ ಈ ಪಾತ್ರೆಯಲ್ಲಿಡಬಾರದು. ಎರಡು ಕಿಲೋಗ್ರಾಂ ಮಾಂಸದಲ್ಲಿ ಸುಮಾರು ೧.೪ ಕಿಲೋಗ್ರಾಂ ನೀರಿದೆಯೆಂದರೆ, ಅದರ ಹಿಮ ಕರಗುವುದಕ್ಕೇ ೪೬೦ ಕಿಲೋಜೌಲಿಗಿಂತ ಹೆಚ್ಚು ಶಾಖ ಬೇಕು. ಇದು ಮೇಲೆ ಲೆಕ್ಕ ಹಾಕಿದ ೬೦೦ ಕಿಲೋಜೌಲಿನ ಜೊತೆಗೆ ಕೂಡುವ ಹೊರೆ. ಹಿಮ ಕರಗಿ, ಬಿಸಿಯೇರುವಷ್ಟರಲ್ಲಿ ಗಂಟೆಗಳು ಅಪಾಯದ ವಲಯದಲ್ಲೇ ಕಳೆಯುತ್ತವೆ. ವಿದ್ಯುತ್ತು ನಡುವೆ ನಿಂತುಹೋಗುವ ಊರುಗಳಲ್ಲಿಯೂ ಇದೇ ಅಪಾಯ. ಮನೆಯಲ್ಲಿ ಯಾರೂ ಇಲ್ಲದಾಗ ಎಷ್ಟು ಹೊತ್ತು ನಿಂತಿತ್ತೆಂದು ತಿಳಿಯದಿದ್ದರೆ, ನೋಡಲು ಚೆನ್ನಾಗಿದ್ದರೂ ಆ ಅಡಿಗೆಯನ್ನು ಚೆಲ್ಲುವುದೇ ಲೇಸು.

ಕಾಳಿನ ವಿಷಯವೆಂದೆವಷ್ಟೆ. ಕೆಂಪು ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ನಂಜಿನ ಪ್ರೋಟೀನ್ ಇದೆ. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಆದರೆ ಮಂದ ಶಾಖದ ಪಾತ್ರೆಯಲ್ಲಿ ೮೦°ಯ ಆಸುಪಾಸಿನಲ್ಲಿ ಬೇಯಿಸಿದರೆ ಅದು ಉಳಿದು, ವಾಂತಿ ಭೇದಿಗಳನ್ನು ಉಂಟುಮಾಡುತ್ತದೆ. ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕೊತಕೊತನೆ ಕುದಿಸಿದ ಮೇಲೆಯೇ ಮಂದ ಶಾಖಕ್ಕೆ ಒಪ್ಪಿಸಬೇಕು. ನಮ್ಮ ಮನೆಗಳ ಪ್ರೆಷರ್ ಕುಕ್ಕರಿನಲ್ಲಿ ಈ ಭಯವಿಲ್ಲ.

ಸಿಹಿಯ ರಹಸ್ಯ ಮತ್ತು ವಿಧಾನ

ಸಕ್ಕರೆ ಸೇರಿದ ರಸವನ್ನು ಕೆಂಡದ ಮೇಲಿನ ಮಾಂಸಕ್ಕೆ ಮೊದಲೇ ಬಳಿದರೆ ಅದು ಕರಿಕಾಗಿ ಕಹಿಯಾಗುತ್ತದೆ; ಆದುದರಿಂದ ಅಲ್ಲಿ ಅದನ್ನು ಕೊನೆಯಲ್ಲಿ ಬಳಿಯುತ್ತಾರೆ. ನಮ್ಮ ಪಾತ್ರೆಯಲ್ಲಿ ಎಲ್ಲೆಲ್ಲೂ ನೀರಿರುವುದರಿಂದ ಉಷ್ಣತೆ ೧೦೦° ದಾಟದು, ಸಕ್ಕರೆ ಹೊತ್ತದು. ಮೊದಲೇ ಎಲ್ಲವನ್ನೂ ಸುರಿದು ಮುಚ್ಚಬಹುದಾದ ಸೌಕರ್ಯಕ್ಕೆ ಇದೇ ಆಧಾರ. ಆದರೆ ಅದೇ ಕಾರಣದಿಂದ ಹುರಿದ ಕಂಪೂ ಹುಟ್ಟದು. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ೧೯೧೨ರಲ್ಲಿ ವರ್ಣಿಸಿದ, ಸಕ್ಕರೆಗೂ ಅಮೈನೋ ಆಮ್ಲಗಳಿಗೂ ನಡುವೆ ನಡೆಯುವ ಕ್ರಿಯೆಯಿಂದ ಆ ಕಂಪು ಬರುತ್ತದೆ. ಒಣ ಮೇಲ್ಮೈಯಲ್ಲಿ, ಸುಮಾರು ೧೪೦°ಯ ಮೇಲೆ ಅದು ವೇಗವಾಗಿ ನಡೆಯುತ್ತದೆ. ಆದುದರಿಂದ ಮಾಂಸವನ್ನು ಮೊದಲು ಕಾದ ಕಬ್ಬಿಣದ ಬಾಣಲೆಯಲ್ಲಿ ಎಲ್ಲ ಕಡೆಯೂ ಕಂದುಬಣ್ಣ ಬರುವಂತೆ ಹುರಿದುಕೊಳ್ಳಬೇಕು.

ಆ ಬಳಿಕ ವಿಧಾನ ಸುಲಭ. ಎರಡು ಕಿಲೋಗ್ರಾಂ ಹೆಗಲಿನ ಮಾಂಸವನ್ನು ಎರಡು ಮೂರು ತುಂಡು ಮಾಡಿ, ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಸವರಿ ಹುರಿಯಿರಿ. ಹೆಚ್ಚಿದ ಎರಡು ಈರುಳ್ಳಿಗಳನ್ನು ಪಾತ್ರೆಯ ತಳದಲ್ಲಿ ಹರಡಿ, ಮಾಂಸವನ್ನಿಟ್ಟು, ಒಂದು ಬಟ್ಟಲು ಟೊಮೇಟೊ ಕೆಚಪ್, ಅರ್ಧ ಬಟ್ಟಲು ಕಂದುಸಕ್ಕರೆ, ಅರ್ಧ ಬಟ್ಟಲು ವಿನಿಗರ್ ಕಲಸಿ ಮೇಲೆ ಸುರಿಯಿರಿ. ಕಂದುಸಕ್ಕರೆಯಲ್ಲಿ ಕಾಕಂಬಿಯ ಅಂಶವಿರುತ್ತದೆ. ಅದಿಲ್ಲದಿದ್ದರೆ ಬೆಲ್ಲ ಆಗುತ್ತದೆ. ವಿನಿಗರಿನ ಆಮ್ಲ ರುಚಿಗಷ್ಟೇ ಅಲ್ಲ, ಕೊಲಾಜನ್ ಕರಗುವುದಕ್ಕೂ ನೆರವಾಗುತ್ತದೆ. ನಮ್ಮ ಕೊಡಗಿನಲ್ಲಿ ಪಂದಿ ಕರಿಗೆ ಹಾಕುವ ಕಾಚಂಪುಳಿಯೂ ಇಂಥದೇ ಹುಳಿ. ಮುಚ್ಚಳ ಮುಚ್ಚಿ, ಮಂದ ಶಾಖದಲ್ಲಿ ಎಂಟು ಗಂಟೆ ತೆರೆಯದೆ ಬಿಡಿ. ಮುಳ್ಳುಚಮಚ ಚುಚ್ಚಿ ತಿರುಗಿಸಿದರೆ ಸುಲಭವಾಗಿ ತಿರುಗಬೇಕು. ತಿರುಗದಿದ್ದರೆ ಇನ್ನೊಂದು ಗಂಟೆ ಬೇಕೆಂದರ್ಥ. ಮಾಂಸವನ್ನು ಹೊರತೆಗೆದು ಎಳೆಎಳೆಯಾಗಿ ಬಿಡಿಸಿ, ರಸದ ಮೇಲೆ ತೇಲುವ ಕೊಬ್ಬನ್ನು ತೆಗೆದುಹಾಕಿ, ರಸವನ್ನು ತೆರೆದ ಪಾತ್ರೆಯಲ್ಲಿ ಕುದಿಸಿ ಗಟ್ಟಿ ಮಾಡಿ ಮತ್ತೆ ಕಲಸಿ. ಅಮೆರಿಕದಲ್ಲಿ ಇದನ್ನು ಬನ್ನಿನ ನಡುವೆ ಇಟ್ಟು ತಿನ್ನುತ್ತಾರೆ. ಉಳಿದುದನ್ನು ಎರಡು ಗಂಟೆಯೊಳಗೆ, ಆಳವಿಲ್ಲದ ಪಾತ್ರೆಗಳಲ್ಲಿ ಹರಡಿ ಶೀತಕ ಪೆಟ್ಟಿಗೆಯಲ್ಲಿಡಬೇಕು. ತಣಿಯುವುದಕ್ಕೂ ದಪ್ಪದ ವರ್ಗದ ನಿಯಮವೇ ಅನ್ವಯಿಸುತ್ತದಲ್ಲವೆ?

ಮಾಂಸ ತಿನ್ನದ ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಒಂದೇ ಬಗೆಯ ಎರಡು ಪಾತ್ರೆಗಳಲ್ಲಿ ಸಮನಾಗಿ ನೀರು ಹಾಕಿ ಕುದಿಸಿ, ಸಮಗಾತ್ರದ ಆಲೂಗೆಡ್ಡೆಗಳನ್ನು ಒಟ್ಟಿಗೆ ಇಳಿಬಿಡಿ. ಒಂದನ್ನು ದೊಡ್ಡ ಉರಿಯಲ್ಲಿ, ಇನ್ನೊಂದನ್ನು ಕುದಿ ನಿಲ್ಲದಷ್ಟು ಸಣ್ಣ ಉರಿಯಲ್ಲಿ ಇರಿಸಿ. ಕಡ್ಡಿ ಚುಚ್ಚಿ ನೋಡಿ, ಬೆಂದ ವೇಳೆಯನ್ನು ಬರೆದುಕೊಳ್ಳಿ. ಪ್ರತಿ ಪಾತ್ರೆಯಲ್ಲಿ ಎಷ್ಟು ನೀರು ಉಳಿದಿದೆಯೆಂದು ಅಳೆಯಿರಿ. ಆಮೇಲೆ ಆ ಲೆಕ್ಕವನ್ನು ಮನೆಯಲ್ಲಿ ಅಡಿಗೆ ಮಾಡುವವರ ಮುಂದಿಡಿ. ಉರುವಲಿನ ಖರ್ಚು ಹೊರುವವರು ಅವರೇ ಆದುದರಿಂದ, ನಮ್ಮ ಪಾಠಕ್ಕಿಂತ ಹೆಚ್ಚು ಗಮನವಿಟ್ಟು ಅವರು ಅದನ್ನು ನೋಡಿಯಾರು.